ತಂಗಿಯ ಕೆಲಸವೂ ಪ್ಯಾಟರ್ನ್ ಕೆಲಸವೇ

ಓದುಗರ ಪತ್ರ: ನಾನೂ ನನ್ನ ತಂಗಿಯೂ ಸೇರಿ, ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ಮಾದರಿಗಳನ್ನು, ಅಂದರೆ ಹೊಲಿಗೆ ಪ್ಯಾಟರ್ನ್‌ಗಳನ್ನು ಮಾಡಿ ಮಾರುತ್ತೇವೆ. ನಕ್ಷೆ ಬಿಡಿಸುವುದು, ಅದನ್ನು ಎಲ್ಲ ಅಳತೆಗಳಿಗೂ ಹಿಗ್ಗಿಸಿ ಕುಗ್ಗಿಸುವ ಗ್ರೇಡಿಂಗ್ ಮಾಡುವುದು ನಾನು. ಉಳಿದದ್ದನ್ನು ತಂಗಿ ನೋಡಿಕೊಳ್ಳುತ್ತಾಳೆ. ಈಚೆಗೆ ನಮ್ಮ ಶರ್ಟಿನ ಪ್ಯಾಟರ್ನ್ ಕೊಂಡ ಮೂವರು ತೋಳು ಸರಿಯಾಗಿ ಕೂರುತ್ತಿಲ್ಲ ಎಂದು ಬರೆದರು. ತಂಗಿ ನನ್ನನ್ನು ಒಂದು ಮಾತೂ ಕೇಳದೆ ಅದರ ಮಾರಾಟವನ್ನೇ ನಿಲ್ಲಿಸಿಬಿಟ್ಟಳು. ತೋಳು ಕೂರಿಸಲು ಬಾರದವರ ದೂರಿಗೆ ನನ್ನ ದುಡಿಮೆ ಬಲಿಯಾಗಬೇಕೇ? ಅತ್ತ ತಿಂಗಳಿಗೊಂದು ಹೊಸ ಪ್ಯಾಟರ್ನ್ ಬೇಕೆಂದು ಅವಳದೇ ಒತ್ತಾಯ. ಲಾಭ ಮಾತ್ರ ಸಮಪಾಲು. ಬೇರೆಯಾಗುವುದೇ ಲೇಸು ಎನಿಸುತ್ತಿದೆ. ನೀವೇನು ಹೇಳುತ್ತೀರಿ? (ಹೆಸರು ಬೇಡವೆಂದು ಕೋರಿದ್ದಾರೆ.)

ಸೋದರಿ,

ನಿಮ್ಮ ಪತ್ರ ಇಲ್ಲಿ ಅಚ್ಚಾಗಿರುವುದಕ್ಕಿಂತ ಬಹಳ ಉದ್ದವಿತ್ತು. ಕಾಲರ್ ಮಡಚಿದಾಗ ಒಳಪದರ ಹೊರಗೆ ಇಣುಕದಂತೆ ಮೇಲಿನ ತುಂಡನ್ನು ಕೂದಲೆಳೆಯಷ್ಟು ದೊಡ್ಡದಾಗಿ ಬಿಡಿಸುವ ಬಗ್ಗೆ ನೀವು ಬರೆದ ಭಾಗವನ್ನು ಸಂತೋಷದಿಂದ ಓದಿದೆ. ಕೆಲಸವನ್ನು ಪ್ರೀತಿಸುವವರು ಮಾತ್ರ ಹಾಗೆ ಬರೆಯಬಲ್ಲರು. ಆದರೆ ಅಷ್ಟುದ್ದದ ಪತ್ರದಲ್ಲಿ ತಂಗಿಯ ದುಡಿಮೆಗೆ ಸಿಕ್ಕಿದ್ದು ಒಂದೇ ಸಾಲು. ಜಗಳದ ಬೇರು ಅಲ್ಲಿದೆ ಎಂದು ನನಗೆ ತೋರುತ್ತದೆ. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಪಾಲು ಆ ಒಂದು ಸಾಲಿನ ಬಗ್ಗೆಯೇ ಇರುತ್ತದೆ.

ಮೊದಲು ತೋಳಿನ ವಿಷಯ. ದೂರು ಕೊಟ್ಟ ಮೂವರು ಯಾವ ಅಳತೆಯನ್ನು ಹೊಲಿದರು ಎಂದು ನೀವು ಬರೆದಿಲ್ಲ. ತಂಗಿಗೆ ಅದು ಗೊತ್ತಿರುತ್ತದೆ, ಕೇಳಿ. ಮೂವರೂ ದೊಡ್ಡ ಅಳತೆಯವರಾಗಿದ್ದರೆ ಅವರಿಗೆ ತೋಳು ಕೂರಿಸಲು ಬರುವುದಿಲ್ಲ ಎಂಬ ತೀರ್ಮಾನವನ್ನು ಕೂಡಲೇ ಕೈಬಿಡಿ. ತೋಳಿನ ಮೇಲಂಚು ಅದನ್ನು ಜೋಡಿಸುವ ಮೈಭಾಗದ ಸುತ್ತಾದ ಆರ್ಮ್‌ಹೋಲ್‌ಗಿಂತ ತುಸು ಉದ್ದವಿರಬೇಕೆಂಬುದು ನಿಮಗೆ ಹೇಳಿಕೊಡಬೇಕಾದ ಪಾಠವಲ್ಲ. ಮೈಗೊಪ್ಪುವ ಕೋಟಿಗೆ ಈ ಹೆಚ್ಚುವರಿ ಉದ್ದ 3–4 ಸೆಂ.ಮೀ. ಇದ್ದರೂ ನಡೆಯುತ್ತದೆ, ಏಕೆಂದರೆ ಉಣ್ಣೆಯ ಬಟ್ಟೆ ಹಬೆಗೆ ಕುಗ್ಗಿ ಆ ಹೆಚ್ಚುವರಿಯನ್ನು ನುಂಗಿಕೊಳ್ಳುತ್ತದೆ. ಒತ್ತಾಗಿ ನೇಯ್ದ ಹತ್ತಿಯ ಶರ್ಟಿಗೆ 1 ಸೆಂ.ಮೀ. ಆಸುಪಾಸು ಸಾಕು. ಈಗ ಗ್ರೇಡಿಂಗ್‌ನಲ್ಲಿ ಪ್ರತಿ ಅಳತೆಗೂ ತೋಳಿನ ಅಂಚು ಆರ್ಮ್‌ಹೋಲ್‌ಗಿಂತ ಬರೀ 3 ಮಿ.ಮೀ. ಹೆಚ್ಚು ಬೆಳೆದಿದೆ ಎಂದುಕೊಳ್ಳಿ. ನೀವು ಹೊಲಿದು ನೋಡುವ ಮಧ್ಯದ ಅಳತೆಯಲ್ಲಿ 1 ಸೆಂ.ಮೀ. ಇದ್ದದ್ದು ಆರು ಅಳತೆ ಮೇಲೇರುವಷ್ಟರಲ್ಲಿ 2.8 ಸೆಂ.ಮೀ. ಆಗಿರುತ್ತದೆ. ಮೂರು ಅಳತೆ ಕೆಳಗಿಳಿದರೆ ಆ 1 ಸೆಂ.ಮೀ. ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಮಧ್ಯದ ಅಳತೆಯಲ್ಲಿ ನಿಮ್ಮ ಶರ್ಟ್ ನಿಜಕ್ಕೂ ನಿರ್ದೋಷಿ. ದೊಡ್ಡ ಅಳತೆಯ ಹೆಣ್ಣುಮಗಳು ಎಷ್ಟು ಪಿನ್ನು ಚುಚ್ಚಿದರೂ, ಎಷ್ಟು ಸಲ ಬಿಚ್ಚಿ ಹೊಲಿದರೂ ಭುಜದ ಕೆಳಗೆ ಸುಕ್ಕು ಬಂದೇ ಬರುತ್ತದೆ. ಆಕೆ ತನ್ನ ಕೈಯನ್ನೇ ದೂಷಿಸಿಕೊಂಡು ಬಟ್ಟೆಯನ್ನು ಕಪಾಟಿನ ಮೂಲೆಗೆ ತಳ್ಳುತ್ತಾಳೆ. ಇಂಥ ನೂರು ಜನರಲ್ಲಿ ಪತ್ರ ಬರೆಯುವವರು ಕೆಲವರೇ. ಮೂರು ಪತ್ರಗಳು ಸಣ್ಣ ಸಂಖ್ಯೆಯಲ್ಲ.

ನಿಮ್ಮ ನಕ್ಷೆಯಲ್ಲಿ ತಪ್ಪು ಇದ್ದೇ ಇದೆ ಎಂದು ನಾನು ಹೇಳುತ್ತಿಲ್ಲ, ಫೈಲನ್ನು ನಾನು ನೋಡಿಲ್ಲ. ಪ್ರತಿ ಅಳತೆಯಲ್ಲೂ ಹೊಲಿಗೆಯ ಗೆರೆಯ ಮೇಲೆ ಟೇಪನ್ನು ನಿಲ್ಲಿಸಿ ಎರಡೂ ಅಂಚುಗಳನ್ನು ಅಳೆಯಿರಿ, ಅರ್ಧ ದಿನದ ಕೆಲಸ. ಒಂದು ಮಾತು ಮಾತ್ರ ಖಚಿತ: ಇಂಥ ದೋಷ ಇದ್ದರೆ, ಮಧ್ಯದ ಅಳತೆಯನ್ನಷ್ಟೇ ಹೊಲಿದು ನೋಡುವ ನಿಮ್ಮ ಮೇಜಿನ ಮೇಲೆ ಅದು ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಅದು ಕಾಣುವುದು ತಂಗಿ ಓದುವ ಪತ್ರಗಳಲ್ಲಿ.

ಆ ಪತ್ರಗಳನ್ನು ಓದುವುದೂ ಒಂದು ವಿದ್ಯೆ. ಉಡುಪು ಬಿಗಿಯಾಯಿತು ಎಂದು ಒಬ್ಬರು ಬರೆಯುತ್ತಾರೆ. ಅದರ ಹಿಂದೆ ಹಲವು ಕಾರಣಗಳಿರಬಹುದು: ಬಟ್ಟೆಯನ್ನು ಮೊದಲು ನೆನೆಸದೆ ಕತ್ತರಿಸಿರಬಹುದು, ಮೈಯಳತೆಗೂ ಉಡುಪಿನ ಸಿದ್ಧ ಅಳತೆಗೂ ವ್ಯತ್ಯಾಸ ತಿಳಿಯದೆ ಹೋಗಿರಬಹುದು, ಪಿಡಿಎಫ್ ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ಒತ್ತಿರಬಹುದು. ಹಾಗೆ ಒತ್ತಿದಾಗ ಮುದ್ರಣ 97 ಶೇಕಡಕ್ಕೆ ಇಳಿದರೆ ಮುದ್ರಣದ ಅಳತೆ ಸರಿಯಿದೆಯೇ ಎಂದು ನೋಡಲು ಹಾಕಿದ 10 ಸೆಂ.ಮೀ. ಪರೀಕ್ಷಾ ಚೌಕ 9.7 ಆಗುತ್ತದೆ. ನೋಡಲು ಏನೇನೂ ಅಲ್ಲ. ಎದೆಯ ಸುತ್ತಳತೆ 100 ಸೆಂ.ಮೀ. ಬರಬೇಕಾದ ಉಡುಪು ಮಾತ್ರ 97ಕ್ಕೆ ಇಳಿಯುತ್ತದೆ, ಉಸಿರಾಡಲು ನೀವು ಬಿಟ್ಟಿದ್ದ ಸಡಿಲದಲ್ಲಿ 3 ಸೆಂ.ಮೀ. ಹೋಗುತ್ತದೆ. ಯಾವುದು ಗ್ರಾಹಕರ ಪ್ರಿಂಟರಿನ ದೋಷ, ಯಾವುದು ನಿಮ್ಮ ನಕ್ಷೆಯದು, ಯಾವುದು ಸೂಚನೆ ಬರೆದ ರೀತಿಯದು ಎಂದು ಬಿಡಿಸಿ ನೋಡುವವಳು ನಿಮ್ಮ ತಂಗಿ. ಅದೂ ಸಿಟ್ಟಿನಲ್ಲಿ ಬರೆದ ಪತ್ರಕ್ಕೆ ತಾಳ್ಮೆಯಿಂದ ಉತ್ತರಿಸುತ್ತಾ.

ಈ ವ್ಯಾಪಾರದ ಚರಿತ್ರೆಯನ್ನು ತೆರೆದರೆ ಆರಂಭದಲ್ಲಿಯೇ ಇಬ್ಬರು ಸೋದರಿಯರು ಸಿಗುತ್ತಾರೆ. ಅಮೆರಿಕದ ಎಲೆನ್ ಡೆಮೊರೆಸ್ಟ್ ಮನೆಯವರೇ ಬಳಸಿ ಹೊಲಿಯಬಹುದಾದ ಕಾಗದದ ಪ್ಯಾಟರ್ನ್‌ಗಳನ್ನು ರೂಪಿಸಿದ್ದು ತನ್ನ ಸೋದರಿ ಕೇಟ್ ಜೊತೆಗೂಡಿ. 1860ರಲ್ಲಿ ಎಲೆನ್ ಮತ್ತು ಪತಿ ಫ್ಯಾಷನ್ ಪತ್ರಿಕೆಯೊಂದನ್ನು ಆರಂಭಿಸಿ, ಅದರ ಜೊತೆಗೇ ತೆಳುಕಾಗದದ ಪ್ಯಾಟರ್ನ್ ಕೊಡತೊಡಗಿದರು. 1863ರಲ್ಲಿ ಮ್ಯಾಸಚೂಸೆಟ್ಸ್‌ನ ದರ್ಜಿ ಎಬೆನೆಜರ್ ಬಟರಿಕ್ ಒಂದೇ ಉಡುಪನ್ನು ಬೇರೆ ಬೇರೆ ಅಳತೆಗಳಲ್ಲಿ ಮಾರಲು ಶುರುಮಾಡಿದ ಮೇಲೆ ಈ ಕಸುಬು ದೊಡ್ಡ ಉದ್ಯಮವಾಯಿತು. ನನ್ನ ಗಮನ ಸೆಳೆಯುವುದು ಇನ್ನೊಂದು ಸಂಗತಿ. ಅಂದಿನ ಪ್ಯಾಟರ್ನ್ ಕಾಗದದ ಮೇಲೆ ಸಾಮಾನ್ಯವಾಗಿ ಏನೂ ಅಚ್ಚಾಗಿರುತ್ತಿರಲಿಲ್ಲ, ಗುರುತಿಗೆ ತೂತುಗಳಷ್ಟೇ. ಹೊಲಿಯುವ ಕ್ರಮವನ್ನು ವಿವರವಾಗಿ ತಿಳಿಸುವ ಪ್ರತ್ಯೇಕ ಹಾಳೆಯನ್ನು ಬಟರಿಕ್ ಕಂಪನಿ ಡೆಲ್ಟರ್ ಎಂಬ ಹೆಸರಿನಲ್ಲಿ ಕೊಡತೊಡಗಿದ್ದು 1920ರ ಹೊತ್ತಿಗೆ. ಅಲ್ಲಿಯವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ, ಬರೀ ಆಕಾರ ಕೊಟ್ಟರೆ ಸಾಕು, ಕೊಂಡವರು ಹೇಗೋ ಹೊಲಿದುಕೊಳ್ಳುತ್ತಾರೆ ಎಂಬ ನಂಬಿಕೆ ನಡೆದುಬಂದಿತ್ತು. ಮನೆಯಲ್ಲಿ ಹೊಲಿಗೆ ಬಲ್ಲ ಹಿರಿಯರು ಇದ್ದ ಕಾಲಕ್ಕೆ ಅದು ನಡೆಯಿತು. ನಿಮ್ಮ ಗ್ರಾಹಕರಲ್ಲಿ ಅನೇಕರು ಒಬ್ಬರೇ ಕುಳಿತು, ಮೊದಲ ಬಾರಿಗೆ ಕಾಲರ್ ಹೊಲಿಯುತ್ತಿರುವವರು. ಅವರಿಗೆ ನಕ್ಷೆ ಎಷ್ಟೋ, ಸೂಚನೆ ಅಷ್ಟೇ. ಆ ಸೂಚನೆಯ ವಾಕ್ಯಗಳನ್ನು ಬರೆಯುವವರು ನಿಮ್ಮಲ್ಲಿ ಯಾರು? ಪತ್ರದ ಕೊನೆಯ ಪುಟದಿಂದ ಊಹಿಸುವುದಾದರೆ ತಂಗಿಯೇ. ಹಾಗಿದ್ದರೆ ಪ್ಯಾಟರ್ನ್ ಮಾಡುವವಳು ನಾನು ಎಂದು ನೀವು ಹೇಳಿಕೊಳ್ಳುವುದು ಅರ್ಧ ಸತ್ಯ. ಇದನ್ನು ಕಟುವಾಗಿ ಹೇಳುತ್ತಿದ್ದೇನೆ ಎನಿಸಬಹುದು. ನೀವು ಇಬ್ಬರೂ ಸೇರಿ ಕಟ್ಟಿದ್ದು ಉಳಿಯಲಿ ಎಂದೇ ಹೇಳುತ್ತಿದ್ದೇನೆ.

ಇಷ್ಟಾಗಿಯೂ ತಂಗಿ ನಿಮಗೆ ತಿಳಿಸದೆ ಮಾರಾಟ ನಿಲ್ಲಿಸಿದ್ದು ಸರಿಯಲ್ಲ. ಅದು ನೋವಿನ ಸಂಗತಿಯೇ. ಆದರೆ ತಿಳಿಸಿದ್ದರೆ ನೀವು ಒಪ್ಪುತ್ತಿದ್ದಿರಾ? ನಾನು ದೊಡ್ಡವಳು, ಕಲಿತವಳು ಎಂಬ ಮಾತು ನಿಮ್ಮ ಪತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಡಹುಟ್ಟಿದವರ ವ್ಯವಹಾರದಲ್ಲಿ ಇದೊಂದು ದೊಡ್ಡ ತೊಡಕು. ಚಿಕ್ಕಂದಿನಲ್ಲಿ ಯಾರ ಮಾತು ನಡೆಯುತ್ತಿತ್ತೋ ಕಚೇರಿಯ ಮೇಜಿನ ಮುಂದೆಯೂ ಅವರದೇ ನಡೆಯುತ್ತದೆ, ಯಾರು ಸುಮ್ಮನಾಗುತ್ತಿದ್ದರೋ ಅವರು ಇಲ್ಲೂ ಸುಮ್ಮನಾಗುತ್ತಾರೆ, ಮತ್ತು ಒಂದು ದಿನ ಯಾರನ್ನೂ ಕೇಳದೆ ತಮಗೆ ಸರಿಕಂಡದ್ದನ್ನು ಮಾಡಿಬಿಡುತ್ತಾರೆ. ಹೊರಗಿನವರ ಜೊತೆ ಪಾಲುದಾರಿಕೆ ಮಾಡಿದ್ದರೆ ಯಾವ ನಿರ್ಧಾರ ಯಾರದು ಎಂದು ಮೊದಲ ವಾರವೇ ಮಾತಾಡಿಕೊಂಡಿರುತ್ತಿದ್ದಿರಿ. ತಂಗಿಯಲ್ಲವೇ ಎಂಬ ಸಲಿಗೆಯಲ್ಲಿ ಆ ಮಾತು ಉಳಿದುಹೋಗಿದೆ. ಅಮ್ಮನ ಬಳಿ ನ್ಯಾಯಕ್ಕೆ ಹೋಗುವುದನ್ನಂತೂ ಇಂದೇ ನಿಲ್ಲಿಸಿ. ತೋಳಿನ ಅಂಚು ಎಷ್ಟು ಉದ್ದವಿರಬೇಕೆಂದು ಅವರು ತೀರ್ಪು ಕೊಡಲಾರರು, ಯಾವ ಮಗಳ ಪರ ನಿಂತರೂ ಸಂಕಟ ಅವರಿಗೇ.

ನನ್ನ ಸಲಹೆ ಇದು. ಪ್ಯಾಟರ್ನ್ ಹೊರಗೆ ಹೋಗಬೇಕಾದರೆ ನಿಮ್ಮ ಒಪ್ಪಿಗೆ ಬೇಕು, ಅದಿಲ್ಲದೆ ತಂಗಿ ಬಿಡುಗಡೆ ಮಾಡುವಂತಿಲ್ಲ. ಹೊರಗೆ ಹೋದದ್ದನ್ನು ತಡೆಹಿಡಿಯುವ ಹಕ್ಕು ತಂಗಿಯದು, ಅವಳು ತಡೆದರೆ ನೀವು ಅಳತೆ ತೋರಿಸಿ ಅವಳನ್ನು ಒಪ್ಪಿಸುವವರೆಗೆ ಅದು ಮತ್ತೆ ಅಂಗಡಿಗೆ ಬರುವಂತಿಲ್ಲ. ತಡೆದ ದಿನವೇ ಕಾರಣವನ್ನು ಪತ್ರಗಳ ಸಮೇತ ನಿಮಗೆ ಬರೆದು ತಿಳಿಸಬೇಕು. ಇದರಿಂದ ಕೆಲವು ದಿನಗಳ ಮಾರಾಟ ಹೋಗಬಹುದು. ಹೋಗಲಿ. ಸಣ್ಣ ಪ್ಯಾಟರ್ನ್ ಸಂಸ್ಥೆಗೆ ಇರುವ ಬಂಡವಾಳವೆಂದರೆ ಇವರ ಅಳತೆಯನ್ನು ನಂಬಿ ದುಬಾರಿ ಬಟ್ಟೆಗೆ ಕತ್ತರಿ ಹಾಕಬಹುದು ಎಂಬ ಭರವಸೆ. ಹಾಳಾದ ಬಟ್ಟೆಯ ಬೆಲೆಗೆ ಹೋಲಿಸಿದರೆ ಪ್ಯಾಟರ್ನಿನ ಬೆಲೆ ಬಹಳ ಸಲ ಕಡಿಮೆಯೇ ಇರುತ್ತದೆ. ಹಣ ಹಿಂದಿರುಗಿಸಿದರೂ ಅವರ ನಷ್ಟ ತುಂಬುವುದಿಲ್ಲ.

ಬಿಡುಗಡೆಗೆ ಮುನ್ನ ಪರೀಕ್ಷೆಗಾಗಿ ಹೊಲಿದು ಕೊಡುವವರನ್ನು ತಂಗಿಯೇ ಆರಿಸಲಿ. ಗೆಳತಿಯರಲ್ಲಿ ಬಹುಪಾಲು ಮಧ್ಯದ ಅಳತೆಯವರೇ ಆಗಿಬಿಟ್ಟರೆ ಪರೀಕ್ಷೆ ನಡೆದಂತೆಯೇ ಅಲ್ಲ. ಅತಿ ಸಣ್ಣ, ಅತಿ ದೊಡ್ಡ ಅಳತೆಗಳಿಗೆ ತಲಾ ಇಬ್ಬರಾದರೂ ಬೇಕು. ಅವರು ಕೇಳುವ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸಬೇಡಿ. ಆ ಪ್ರಶ್ನೆ ಎಲ್ಲಿ ಹುಟ್ಟಿತೋ ಅಲ್ಲಿ ಸೂಚನೆಯ ವಾಕ್ಯವನ್ನು ತಿದ್ದಿ.

ತಿಂಗಳಿಗೊಂದು ಹೊಸ ಪ್ಯಾಟರ್ನ್ ಎಂಬ ಬೇಡಿಕೆಯ ಬಗ್ಗೆ ನಾನು ನಿಮ್ಮ ಕಡೆ. ನಕ್ಷೆ, ಕೋರಾ ಬಟ್ಟೆಯಲ್ಲಿ ಹೊಲಿದು ನೋಡುವುದು, ಗ್ರೇಡಿಂಗ್, ಹೊರಗಿನವರ ಪರೀಕ್ಷೆ, ಚಿತ್ರ, ಸೂಚನೆ, ಫೋಟೋ ಇಷ್ಟನ್ನೂ ಇಬ್ಬರೇ ಒಂದು ತಿಂಗಳಲ್ಲಿ ಮುಗಿಸಿದರೆ ಏನಾದರೊಂದು ಕೈಬಿಟ್ಟಿದ್ದೀರಿ ಎಂದೇ ಅರ್ಥ. ಆದರೆ ತಂಗಿ ಸುಮ್ಮನೆ ಹಟ ಹಿಡಿದಿಲ್ಲ. ಹೊಸದು ಬಂದ ಕೂಡಲೇ ಮಾರಾಟ ಏರುತ್ತದೆ, ಆಮೇಲೆ ಇಳಿಯುತ್ತದೆ. ಆ ಇಳಿತವನ್ನು ದಿನವೂ ನೋಡುತ್ತಾ ಕೂರುವವಳು ಅವಳು. ವರ್ಷಕ್ಕೆ ಮೂರೋ ನಾಲ್ಕೋ ಪೂರ್ತಿ ಹೊಸ ಪ್ಯಾಟರ್ನ್ ಮಾಡಿ. ನಡುವೆ ಪರೀಕ್ಷೆಯಾಗಿ ಗೆದ್ದ ಮೂಲ ನಕ್ಷೆಯ ಮೇಲೆಯೇ ಗಿಡ್ಡ ತೋಳು, ಕಾಲರ್ ಇಲ್ಲದ ಕುತ್ತಿಗೆ, ಮಂಡಿಯವರೆಗಿನ ಉದ್ದ ಇಂಥವನ್ನು ಕೊಡಿ. ಆರ್ಮ್‌ಹೋಲ್ ಬದಲಾಗದಿದ್ದರೆ ಅದರ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಿಲ್ಲ.

ಇನ್ನು ಹಣ. ನಿಮ್ಮ ನಡುವೆ ಬರೆದ ಒಪ್ಪಂದವಿಲ್ಲ ಎಂದಿದ್ದೀರಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದರೂ ಒಂದು ವಿಷಯ ತಿಳಿದಿರಲಿ. 1890ರ ಬ್ರಿಟಿಷ್ ಪಾಲುದಾರಿಕೆ ಕಾಯ್ದೆಯಲ್ಲಿಯೂ 1932ರ ಭಾರತೀಯ ಕಾಯ್ದೆಯಲ್ಲಿಯೂ, ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಲಾಭ ನಷ್ಟ ಸಮಪಾಲು, ಮತ್ತು ದುಡಿದದ್ದಕ್ಕೆಂದು ಪ್ರತ್ಯೇಕ ಸಂಬಳ ಕೇಳುವ ಹಕ್ಕಿಲ್ಲ. ನಿಮಗೆ ಅನ್ಯಾಯವೆನಿಸಿದ್ದು ಹೀಗೆ ಕಾನೂನಿನ ಮಾಮೂಲು ಸ್ಥಿತಿ. ಬೇರೆ ಬಗೆ ಬೇಕಿದ್ದರೆ ನೀವೇ ಬರೆದುಕೊಳ್ಳಬೇಕು. ಸಂಬಳ ಬೇರೆ, ಪಾಲು ಬೇರೆ ಎಂದು ಬರೆದುಕೊಳ್ಳಿ. ಮೂರು ತಿಂಗಳು ಇಬ್ಬರೂ ದುಡಿದ ಗಂಟೆಗಳನ್ನು ಗುರುತು ಹಾಕಿ. ಬಂದ ಹಣದಲ್ಲಿ ಖರ್ಚು ಕಳೆದು ಮೊದಲು ಗಂಟೆಗಳಿಗೆ ಕೂಲಿ, ಉಳಿದದ್ದು ಸಮಪಾಲು. ಗಂಟೆಯ ದರ ಇಬ್ಬರಿಗೂ ಒಂದೇ ಇರಲಿ, ಈ ಮಾತಿನಲ್ಲಿ ನಾನು ರಾಜಿಯಾಗಲಾರೆ. ಲೆಕ್ಕ ಕೈಗೆ ಬಂದಾಗ ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಕೆಲಸ ಒಂದು ಪ್ಯಾಟರ್ನ್ ಬಿಡುಗಡೆಯಾದ ದಿನ ಮುಗಿಯುತ್ತದೆ. ತಂಗಿಯದು ಆ ದಿನ ಶುರುವಾಗುತ್ತದೆ, ಹಳೆಯ ಎಲ್ಲ ಪ್ಯಾಟರ್ನ್‌ಗಳ ಪತ್ರಗಳಿಗೂ ಅವಳು ಉತ್ತರಿಸುತ್ತಲೇ ಇರಬೇಕು.

ಬೇರೆಯಾಗುವ ಪ್ರಶ್ನೆಗೆ ಈಗಲೇ ಹೌದು ಎನ್ನಲಾರೆ, ಆದರೆ ಹೇಗೆ ಬೇರೆಯಾಗಬೇಕು ಎಂಬುದನ್ನು ಈಗಲೇ ಬರೆದಿಡಿ. ಸಿಟ್ಟು ಇಲ್ಲದ ದಿನ ನೋಡಿ ಕುಳಿತುಕೊಳ್ಳಿ. ಸಂಸ್ಥೆಯ ಹೆಸರು ಯಾರಿಗೆ, ಗ್ರಾಹಕರ ವಿಳಾಸಗಳು ಯಾರ ಬಳಿ, ಈಗಾಗಲೇ ಮಾರಿದ ಪ್ಯಾಟರ್ನ್‌ಗಳ ತಿದ್ದುಪಡಿಗೆ ಯಾರು ಹೊಣೆ. ಎಲ್ಲಕ್ಕಿಂತ ಮುಖ್ಯವಾದುದು ಮೂಲ ನಕ್ಷೆಗಳು ಮತ್ತು ಅಳತೆಯ ಪಟ್ಟಿ. ಎಲ್ಲ ಉಡುಪುಗಳೂ ಅವುಗಳಿಂದಲೇ ಹುಟ್ಟುತ್ತವೆ. ಪಾಲುದಾರಿಕೆಗೆ ಮೊದಲೇ ನೀವು ಬಿಡಿಸಿದ್ದ ನಕ್ಷೆ ನಿಮ್ಮದೇ ಎಂದು ನೀವು ಭಾವಿಸಿರುತ್ತೀರಿ. ನೂರಾರು ಗ್ರಾಹಕರ ಮಾತು ಕೇಳಿ ಅದನ್ನು ತಿದ್ದಿಸಿದ್ದು ನಾನು ಎಂದು ತಂಗಿ ಭಾವಿಸಿರುತ್ತಾಳೆ. ಇಬ್ಬರಿಗೂ ತಲಾ ಒಂದು ಪ್ರತಿ, ಇಬ್ಬರಿಗೂ ಬಳಸುವ ಹಕ್ಕು ಎಂದು ಬರೆದುಕೊಂಡರೆ ನ್ಯಾಯಯುತ ಎಂದು ನನ್ನ ಅಭಿಪ್ರಾಯ. ಹೀಗೆ ಆರು ತಿಂಗಳು ನಡೆಸಿ ನೋಡಿ. ಆಗಲೂ ಒಬ್ಬರ ಪತ್ರವನ್ನು ಇನ್ನೊಬ್ಬರು ತೆರೆಯಲು ಹಿಂಜರಿಯುವಂತಿದ್ದರೆ ಆ ಬರಹದಂತೆ ಗೌರವದಿಂದ ಬೇರೆಯಾಗಿ. ವಕೀಲರ ಬಳಿಗೆ ಮಾತ್ರ ಇಬ್ಬರೂ ಒಟ್ಟಿಗೇ ಹೋಗಿ. ಒಬ್ಬರೇ ಹೋಗಿ ಬರೆಸಿ ತಂದ ಕರಡಿನಲ್ಲಿ ಎಷ್ಟೇ ನ್ಯಾಯವಿದ್ದರೂ ಇನ್ನೊಬ್ಬರು ಅದನ್ನು ನಂಬಿ ಓದುವುದು ಕಷ್ಟ.

ಸಂಪಾದಕ