ಡೇಟಾ ಸೆಂಟರ್‌ಗಳು ಹೆಚ್ಚಾದರೆ ವಿದ್ಯುತ್ ಗ್ರಿಡ್‌ಗೆ ಏನು ತೊಂದರೆ?

ಕರೆಂಟ್ ಜಾಸ್ತಿ ಬೇಕಾಗುತ್ತದೆ ಅನ್ನೋದು ಅರ್ಧ ಉತ್ತರ ಅಷ್ಟೇ. ಡೇಟಾ ಸೆಂಟರ್ ಎರಡು-ಮೂರು ವರ್ಷದಲ್ಲಿ ಎದ್ದು ನಿಲ್ಲುತ್ತದೆ. ಅದಕ್ಕೆ ಬೇಕಾದ ಹೈಟೆನ್ಷನ್ ಲೈನ್ ಎಳೆಯಲು ಎಷ್ಟೋ ಸಲ ಅದಕ್ಕಿಂತ ತುಂಬಾ ಹೆಚ್ಚು ಕಾಲ ಹಿಡಿಯುತ್ತದೆ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಬೇರೆ. 2024ರ ಜುಲೈನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ 230 ಕಿಲೋವೋಲ್ಟ್ ಲೈನೊಂದು ಕೆಟ್ಟು, ವೋಲ್ಟೇಜ್ ಮತ್ತೆ ಮತ್ತೆ ಕ್ಷಣಕಾಲ ಕುಸಿಯಿತು. ಅಲ್ಲಿನ ಡೇಟಾ ಸೆಂಟರ್‌ಗಳ ಯುಪಿಎಸ್‌ಗಳು ಇಂಥ ಕುಸಿತಗಳನ್ನು ಎಣಿಸುತ್ತವೆ. ನಿಮಿಷದೊಳಗೆ ಮೂರಾದರೆ ಗ್ರಿಡ್ ಬಿಟ್ಟು ಬ್ಯಾಕಪ್‌ಗೆ ಹೋಗುತ್ತವೆ. ಸುಮಾರು 1,500 ಮೆಗಾವ್ಯಾಟ್ ಲೋಡ್ ಒಮ್ಮೆಲೇ ಮಾಯವಾಯಿತು! ಹೊರೆ ಇಳಿದರೆ ಒಳ್ಳೆಯದೇ ಅಲ್ವಾ ಅನ್ನಿಸಬಹುದು. ಆದರೆ ತಯಾರಾದ ಕರೆಂಟ್ ಬಳಸುವವರಿಲ್ಲದೆ ಗ್ರಿಡ್‌ನ ಫ್ರೀಕ್ವೆನ್ಸಿ, ವೋಲ್ಟೇಜ್ ಎರಡೂ ಏರುತ್ತವೆ; ಮಿತಿ ಮೀರಿದರೆ ಗ್ರಿಡ್‌ಗೇ ಅಪಾಯ. ಅದಕ್ಕೇ ಸಣ್ಣ ಕುಸಿತವಾದರೆ ಗ್ರಿಡ್ ಬಿಡದೆ ತಾಳಿಕೊಳ್ಳಬೇಕು ಎಂಬ ನಿಯಮವನ್ನು ಡೇಟಾ ಸೆಂಟರ್‌ಗಳಿಗೆ ಕನೆಕ್ಷನ್ ಕೊಡುವಾಗಲೇ ಹಾಕಬೇಕು.