ವ್ಯಾಪಾರದಲ್ಲಿ ಕೈ ಸುಟ್ಟುಕೊಂಡ ಮೇಲೆ ಮತ್ತೆ ಎದ್ದು ನಿಲ್ಲೋದು ಹೇಗೆ?

ಸಾಲ ಮಾಡಿ ಬೇಕರಿ ಹಾಕಿದಿರಿ, ಎರಡು ವರ್ಷಕ್ಕೆ ಬಾಗಿಲು ಮುಚ್ಚಬೇಕಾಯಿತು, ಎಲ್ಲರೂ "ಏಳುಬೀಳು ಇದ್ದದ್ದೇ, ಧೈರ್ಯವಾಗಿರು" ಅನ್ನುತ್ತಾರೆ, ಆ ಧೈರ್ಯ ಎಲ್ಲಿಂದ ತರೋದು ಅಂತ ಕೇಳಿದ್ದೀರಿ. ಸಾಲದ ಪೂರ್ತಿ ಲೆಕ್ಕ ಹೆಂಡತಿಗೆ ಇನ್ನೂ ಹೇಳಿಲ್ಲ ಅಂತಲೂ ಬರೆದಿದ್ದೀರಿ. ಆ ಕೊನೆಯ ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಾನು ಕೋಲಾರದ ಹತ್ತಿರ ಟೊಮೆಟೊ ಬೆಳೆಯುವವನು. ಮೂರು ಎಕರೆ ಇದೆ. ನಮ್ಮ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ, ಎಲ್ಲಾ ಬೋರ್‌ವೆಲ್ ನೀರು, ಅದೂ ಎಷ್ಟೋ ಕಡೆ 1000 ಅಡಿ ದಾಟಿ ಹೋಗಬೇಕು. ಸಸಿ ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಕೊಯ್ಲು ಶುರು. ಅಷ್ಟರಲ್ಲಿ ಮಲ್ಚಿಂಗ್ ಪೇಪರ್, ಡ್ರಿಪ್, ಗೊಬ್ಬರ, ಔಷಧಿ, ಗಿಡ ಎತ್ತಿ ಕಟ್ಟೋಕೆ ನೀಲಗಿರಿ ಕಡ್ಡಿ, ದಾರ, ಕೂಲಿ ಎಲ್ಲಾ ಸೇರಿ ದುಡ್ಡು ನೆಲಕ್ಕೆ ಸುರಿದಾಗಿರುತ್ತೆ. ರೇಟು ಎಷ್ಟು ಅನ್ನೋದು ಮಾತ್ರ ಮಂಡಿಯಲ್ಲಿ ಹರಾಜು ಕೂಗಿದಾಗಲೇ ಗೊತ್ತಾಗೋದು.

2021ರ ಮೇ ತಿಂಗಳು. ಎರಡನೇ ಲಾಕ್‌ಡೌನ್. ಹೋಟೆಲ್ ಇಲ್ಲ, ಮದುವೆ ಇಲ್ಲ, ಕೊಳ್ಳೋರಿಲ್ಲ. ನನ್ನದು ಎರಡು ಎಕರೆ ಟೊಮೆಟೊ, ಗಿಡದ ತುಂಬಾ ಕಾಯಿ, ಅಷ್ಟು ಒಳ್ಳೆಯ ಬೆಳೆ ಅದಕ್ಕಿಂತ ಮೊದಲು ಬಂದಿರಲಿಲ್ಲ. ಒಂದು ದಿನ 90 ಬಾಕ್ಸ್ ಹಾಕಿದೆ. ನಮ್ಮಲ್ಲಿ ಬಾಕ್ಸ್ ಅಂದರೆ 15 ಕೆಜಿ. ಹರಾಜು 40 ರೂಪಾಯಿಗೆ ನಿಂತಿತು. 3600 ಬಂತು. ಕೀಳೋ ಕೂಲಿ 1800, ಸಾಗಣೆ ಖರ್ಚು 1350, ಕಮಿಷನ್ ಹಮಾಲಿ ಸೇರಿ 400. ಉಳಿದದ್ದು 50 ರೂಪಾಯಿ. ಆ ಐವತ್ತರ ನೋಟನ್ನು ಜೇಬಿಗೆ ಹಾಕಿಕೊಳ್ಳುವಾಗ ಯಾರಾದರೂ ನೋಡುತ್ತಿದ್ದಾರಾ ಅಂತ ಸುತ್ತ ನೋಡಿದ್ದು ಈಗಲೂ ನೆನಪಿದೆ.

ಮಾರನೇ ದಿನದಿಂದ ಕೀಳೋದು ನಿಲ್ಲಿಸಿದೆ. ಹಣ್ಣು ಗಿಡದಲ್ಲೇ ಕೊಳೆಯಲು ಬಿಟ್ಟೆ. ತೋಟದ ಕಡೆ ಹೋಗಲಿಲ್ಲ, ಯಾರ ಫೋನೂ ಎತ್ತಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಸಂಜೆ ಅಮ್ಮ ಬಾಗಿಲ ಹತ್ತಿರ ನಿಂತು, "ಎದ್ದೇಳಪ್ಪ, ಹಸುಗೆ ಬೂಸಾ ಕಲಸು, ಡೈರಿ ಟೈಮಾಯ್ತು" ಅಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ.

ಎದ್ದೆ. ಎರಡು ಸೀಮೆ ಹಸು ಇದ್ದವು. ಬೂಸಾ ಕಲಸಿದೆ, ಅಮ್ಮ ಹಾಲು ಕರೆದರು, ಕ್ಯಾನ್ ಹಿಡಿದು ಡೈರಿಗೆ ಹೋದೆ. ಮಾಸ್ಕ್ ಹಾಕಿಕೊಂಡು ಜನ ದೂರ ದೂರ ನಿಂತಿದ್ದರು. ಹುಡುಗ ಹಾಲು ಅಳೆದ, ಒಂದು ಚಿಕ್ಕ ಲೋಟದಲ್ಲಿ ಸ್ವಲ್ಪ ತೆಗೆದು ಮಷೀನಿಗೆ ಇಟ್ಟ, ಫ್ಯಾಟ್ ಎಷ್ಟು ಅಂತ ಕೂಗಿದ, ಚೀಟಿ ಕೊಟ್ಟ. 7 ಲೀಟರ್. ಲಾಕ್‌ಡೌನಿನಲ್ಲೂ ಡೈರಿ ಹಾಲು ತೆಗೆದುಕೊಳ್ಳುತ್ತಿತ್ತು, 15 ದಿನಕ್ಕೊಮ್ಮೆ ಬಟವಾಡೆ ಆಗುತ್ತಿತ್ತು. ದೊಡ್ಡ ದುಡ್ಡೇನಲ್ಲ. ಆದರೆ ಆ ದಿನ ನಾನು ಮಾಡಿದ ಕೆಲಸಕ್ಕೆ ಬೆಲೆ ಇದೆ ಅಂತ ಹೇಳಿದ್ದು ಆ ಚೀಟಿ ಒಂದೇ. ಮರುದಿನ ಬೆಳಿಗ್ಗೆ ಮತ್ತೆ ಹೋದೆ, ಸಂಜೆ ಮತ್ತೆ ಹೋದೆ. ಒಂದು ವಾರ ಆದ ಮೇಲೆ ತೋಟಕ್ಕೂ ಹೋದೆ. ಕೊಳೆತ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗಿಡ ಕಿತ್ತು, ದಾರ ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಎಳೆದು ಮಣ್ಣು ಕೊಡವಿ ಕಟ್ಟು ಕಟ್ಟಿಟ್ಟೆ. ಕಡ್ಡಿ ಮುಂದಿನ ಬೆಳೆಗೆ ಬರುತ್ತೆ, ಅಲ್ವಾ.

ಅದಕ್ಕೇ ಹೇಳ್ತೀನಿ, ಧೈರ್ಯ ಬರಲಿ ಆಮೇಲೆ ಎದ್ದು ಕೆಲಸ ಮಾಡೋಣ ಅಂತ ಕಾಯಬೇಡಿ. ನನಗೆ ಎದ್ದ ಎಷ್ಟೋ ದಿನದ ಮೇಲೆ ಬಂತು ಅದು. ದಿನಾ ಒಂದೇ ಹೊತ್ತಿಗೆ ನಿಮ್ಮನ್ನು ಎಬ್ಬಿಸೋ ಒಂದು ಕೆಲಸ ಬೇಕು, ಚಿಕ್ಕದಾದರೂ ಸರಿ. ನಿಮಗೆ ಬೇಕರಿ ಕೆಲಸ ಗೊತ್ತು. ಓವನ್ ಮಾರಿದರೂ ಕೈಕೆಲಸ ಎಲ್ಲೂ ಹೋಗಿಲ್ಲ. ಇನ್ನೊಬ್ಬರ ಬೇಕರಿಯಲ್ಲಿ ಸಂಬಳಕ್ಕೆ ನಿಲ್ಲಿ. ನಿನ್ನೆ ಮಾಲೀಕನಾಗಿದ್ದವನು ಇವತ್ತು ಕೆಲಸಕ್ಕೆ ಬಂದಿದ್ದಾನೆ ಅಂತ ನಾಲ್ಕು ದಿನ ಮಾತಾಡುತ್ತಾರೆ, ಐದನೇ ದಿನ ಅವರಿಗೆ ಬೇರೆ ಸುದ್ದಿ ಸಿಗುತ್ತೆ. ನಾನು ಆ ವರ್ಷ ನನ್ನದೇ ಪಿಕಪ್ ಗಾಡಿಯಲ್ಲಿ ಬೇರೆಯವರ ಲೋಡು ಹೊಡೆದೆ, ಆಮೇಲೆ ಗಾಡಿಯನ್ನೂ ಮಾರಿದೆ. ಮಾರಿದ ದಿನ ತುಂಬಾ ನೋವಾಯಿತು. ತಿಂಗಳ ಕಂತು ನಿಂತಾಗ ನಿದ್ದೆ ಬಂತು.

ಗಾಡಿ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಯಾಕಂದರೆ ನನ್ನನ್ನು ಮುಳುಗಿಸಿದ್ದು 2021 ಅಲ್ಲ. ಅದಕ್ಕೆ ಕೆಲವು ವರ್ಷ ಮೊದಲು ಒಂದು ಬೆಳೆಗೆ ಒಳ್ಳೆ ರೇಟು ಸಿಕ್ಕಿತ್ತು. ಇನ್ನು ಹೀಗೇ ಅಂದುಕೊಂಡೆ. ಒಂದೇ ಬೇಸಿಗೆಯಲ್ಲಿ ಮೂರು ಬೋರ್ ಕೊರೆಸಿದೆ, ಎರಡರಲ್ಲಿ ಬರೀ ದೂಳು ಬಂತು. ಕಂತಿನ ಮೇಲೆ ಪಿಕಪ್ ತಗೊಂಡೆ. ಕೈಯಲ್ಲಿದ್ದದ್ದು ಖಾಲಿಯಾದಾಗ ಕೈಸಾಲ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ವರ್ಷಕ್ಕೆ ನೂರಕ್ಕೆ 36 ಆಯಿತು ಅಂತ ಆಗ ಕೂತು ಲೆಕ್ಕ ಹಾಕಿರಲಿಲ್ಲ. ಹೀಗೆ ಎಲ್ಲಾ ಕಡೆ ಕೈ ಚಾಚಿ ನಿಂತಿದ್ದಾಗ ಲಾಕ್‌ಡೌನ್ ಬಂತು. ಬರೀ ಬೆಳೆ ಹೋಗಿದ್ದರೆ ಒಂದು ವರ್ಷದ ನಷ್ಟ, ತಡೆದುಕೊಳ್ಳಬಹುದಿತ್ತು. ಏರು ಇದ್ದಾಗ ನಾನು ಮಾಡಿದ್ದೇ ಇಳಿತದಲ್ಲಿ ಕುತ್ತಿಗೆಗೆ ಬಂತು. ಏಳುಬೀಳು ಅಂದಾಗ ಎಲ್ಲರೂ ಬೀಳೋದರ ಬಗ್ಗೆಯೇ ಮಾತಾಡುತ್ತಾರೆ, ಏಳೋ ಕಾಲದಲ್ಲಿ ಹೇಗಿರಬೇಕು ಅಂತ ಯಾರೂ ಕೇಳಲ್ಲ. ನೀವೂ ಒಮ್ಮೆ ಹಿಂದೆ ತಿರುಗಿ ನೋಡಿ. ವ್ಯಾಪಾರ ಚೆನ್ನಾಗಿದ್ದ ಆರು ತಿಂಗಳಲ್ಲಿ ಏನೇನು ಸೇರಿಸಿಕೊಂಡಿರಿ, ಯಾವ ಸಾಲ ಆಗ ಹುಟ್ಟಿದ್ದು ಅಂತ. ನಿಮ್ಮನ್ನು ಬೈಯೋಕೆ ಹೇಳ್ತಿಲ್ಲ, ಮುಂದೆ ಯಾವುದನ್ನು ಮುಟ್ಟಬಾರದು ಅಂತ ಅಲ್ಲೇ ಗೊತ್ತಾಗುತ್ತೆ.

ಅದೇ 2021ರ ನವೆಂಬರಿನಲ್ಲಿ ವಿಪರೀತ ಮಳೆ ಬಂದು ಬೆಳೆ ಹಾಳಾಯಿತು, ಟೊಮೆಟೊ ರೇಟು ಗಗನಕ್ಕೆ ಹೋಯಿತು. ನನ್ನ ತೋಟದಲ್ಲಿ ಆಗ ಅರ್ಧ ಎಕರೆ ಮಾತ್ರ ಇತ್ತು, ಅದರಲ್ಲೂ ಮಳೆಗೆ ಉಳಿದದ್ದು ಸ್ವಲ್ಪ. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ಎರಡು ಎಕರೆ ಹಾಕಬೇಕಿತ್ತು ಅಂತ ಒಂದು ತಿಂಗಳು ಕೊರಗಿದೆ. ಈಗ ಅನಿಸುತ್ತೆ, ಹಾಕಿದ್ದರೆ ಎರಡು ಎಕರೆಯೂ ಮಳೆಗೆ ಹೋಗುತ್ತಿತ್ತು.

ಆಮೇಲೆ 2023. ಬೇಸಿಗೆಯಲ್ಲಿ ರೇಟು ಬಿದ್ದಿತ್ತು, ಬಿಳಿ ನೊಣದಿಂದ ಬರೋ ಎಲೆ ಮುದುರು ರೋಗದ ಕಾಟ ಬೇರೆ. ತುಂಬಾ ಜನ ಟೊಮೆಟೊ ಬೇಡ ಅಂತ ಕೈಬಿಟ್ಟರು. ನನ್ನದು ಒಂದು ಎಕರೆ ಇತ್ತು. ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2000 ರೂಪಾಯಿ ದಾಟಿತು. ನಂಬೋಕಾಗಲಿಲ್ಲ. ಕಳ್ಳರ ಭಯಕ್ಕೆ ರಾತ್ರಿ ಟಾರ್ಚ್ ಹಿಡಿದು ತೋಟದಲ್ಲೇ ಮಲಗುತ್ತಿದ್ದೆ. ಎರಡು ವರ್ಷದ ಹಿಂದೆ ಸುಮ್ನೆ ತಗೊಂಡು ಹೋಗಿ ಅಂದರೂ ಯಾರೂ ಮುಟ್ಟದ ಹಣ್ಣು ಅದು.

ಆ ದುಡ್ಡು ಕೈಗೆ ಬಂದಾಗ ನನಗೆ ನಿಜವಾಗಿ ಭಯವಾಗಿದ್ದು. ಹಳೆಯ ಆಸೆ ಮತ್ತೆ ತಲೆ ಎತ್ತಿತು. ಎರಡು ಎಕರೆ ಗುತ್ತಿಗೆಗೆ ಸಿಗುತ್ತೆ ಅಂತ ಗೊತ್ತಾಯಿತು, ಇನ್ನೊಂದು ಬೋರ್ ಹಾಕಿಸು ಅಂತ ಹೇಳೋರೂ ಬಂದರು. ನಾನು ಮೊದಲು ಕೈಸಾಲ ತೀರಿಸಿದೆ. ಸೊಸೈಟಿಯ ಬೆಳೆ ಸಾಲ ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ಅದನ್ನೂ ಕಟ್ಟಿದೆ. ಒಡವೆ ಬಿಡಿಸಿದೆ. ಉಳಿದದ್ದರಲ್ಲಿ ಒಂದು ಹಸು ತಂದೆ. ಅಷ್ಟೇ. ಸೆಪ್ಟೆಂಬರ್ ಹೊತ್ತಿಗೆ ಎಲ್ಲರ ತೋಟದಿಂದಲೂ ಹಣ್ಣು ಬಂದು ರೇಟು ಮತ್ತೆ ನೆಲಕ್ಕೆ ಬಿತ್ತು. ಈ ಸಲ ನಾನು ರೇಟು ನೋಡಿ ಮನೆಗೆ ಬಂದು ಊಟ ಮಾಡಿದೆ.

ಇನ್ನೊಂದು ವಿಷಯ, ಇದನ್ನು ನಿಮಗೆ ಮಾತ್ರ ಅಲ್ಲ, ಓದುತ್ತಿರೋ ಎಲ್ಲರಿಗೂ ಹೇಳ್ತೀನಿ. 2021ರಲ್ಲಿ ಕೆಲವು ರಾತ್ರಿ ನನ್ನ ತಲೆಯಲ್ಲಿ ಬರಬಾರದ ಯೋಚನೆಗಳು ಬಂದವು. ಔಷಧಿ ಡಬ್ಬಿಗಳು ಮನೆಯ ಹಿಂದೆಯೇ ಇರುತ್ತವೆ ರೈತರ ಮನೆಯಲ್ಲಿ. ಒಂದು ದಿನ ಅಮ್ಮ ಅದನ್ನೆಲ್ಲ ಎತ್ತಿ ಎಲ್ಲೋ ಇಟ್ಟಿದ್ದರು, ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿಮಗೆ ಅಂಥ ಯೋಚನೆ ಒಂದು ಸಲ ಬಂದಿದ್ದರೂ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಕಷ್ಟದ ಕಾಲದಲ್ಲಿ ಅದು ಇರಲಿಲ್ಲ, 2022ರಲ್ಲಿ ಶುರುವಾಯಿತು. ಇದ್ದಿದ್ದರೆ ಮಾಡುತ್ತಿದ್ದೆ.

ಈಗ ನೀವು ಬರೆದ ಕೊನೆಯ ಸಾಲಿಗೆ ಬರ್ತೀನಿ. ಇವತ್ತೇ ಹೇಳಿ. ಮಕ್ಕಳು ಮಲಗಿದ ಮೇಲೆ ಇಬ್ಬರೇ ಕೂತು ಪೂರ್ತಿ ಮೊತ್ತ ಹೇಳಿ, ಸ್ವಲ್ಪ ಕಡಿಮೆ ಮಾಡಿ ಹೇಳಬೇಡಿ. ನಾನು ಒಂದೂವರೆ ವರ್ಷ ಮುಚ್ಚಿಟ್ಟಿದ್ದೆ. ನಾಲ್ಕು ಕಡೆ ಸಾಲ ಇತ್ತು. ಹೇಳಿದ ರಾತ್ರಿ ನನ್ನ ಹೆಂಡತಿ ಅಳಲೂ ಇಲ್ಲ, ಬೈಯಲೂ ಇಲ್ಲ. ನಾಲ್ಕರಲ್ಲಿ ಎರಡು ಅವಳಿಗೆ ಮೊದಲೇ ಗೊತ್ತಿತ್ತು, ನಾನೇ ಹೇಳಲಿ ಅಂತ ಕಾಯುತ್ತಿದ್ದಳಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವುದಕ್ಕೆ ಬಡ್ಡಿ ಜಾಸ್ತಿ?" ಅಂತ ಕೇಳಿದಳು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಹುಡುಕಿ, ಬಡ್ಡಿ ಜಾಸ್ತಿ ಇರೋದು ಮೇಲೆ, ಕಡಿಮೆ ಇರೋದು ಕೆಳಗೆ, ನಾಲ್ಕೂ ಬರೆದಳು. ಹಾಲಿನ ಬಟವಾಡೆ ಬಂದಾಗೆಲ್ಲ ಮೇಲಿನ ಸಾಲದಲ್ಲಿ ಇಷ್ಟಿಷ್ಟು ಕಳೆದು ಪಕ್ಕದಲ್ಲಿ ತಾರೀಕು ಹಾಕುತ್ತಿದ್ದಳು. ಕೊನೆಯದನ್ನು 2023ರ ಆಗಸ್ಟಿನಲ್ಲಿ ಅವಳೇ ಗೆರೆ ಎಳೆದು ಹೊಡೆದು ಹಾಕಿದಳು. ಆ ನೋಟ್‌ಬುಕ್ ಈಗಲೂ ಬೀರುವಿನಲ್ಲಿ, ಹೊಲದ ಪಹಣಿ ಜೊತೆಗೇ ಇಟ್ಟಿದ್ದಾಳೆ.