ಜಾನಕಿ ನಿಂತ ನೆಲದ ಬಗ್ಗೆ

ಪ್ರಿಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಶನಿಯ ಉಪಗ್ರಹ ಮೀಮಾಸ್‌ನಲ್ಲಿ ಒಂಟಿಯಾಗಿ ಉಳಿದ ಜಾನಕಿ, ಕೆಟ್ಟುಹೋದ ರೇಡಿಯೊ, ತೀರಿಕೊಂಡ ಅಜ್ಜಿಯ ಹಿತ್ತಾಳೆ ಲೋಟ. ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಾಗುತ್ತಿಲ್ಲ.

ಜಾನಕಿಯನ್ನು ನಾನು ನಂಬಿದೆ, ಅವಳು ನಿಂತ ನೆಲವನ್ನು ನಂಬಲಿಲ್ಲ. ‘ಬೆಳಗಾಗುತ್ತಲೇ ಬೆಟ್ಟದ ಹಿಂದಿನಿಂದ ಶನಿ ಮೂಡಿತು, ಉಂಗುರಗಳು ಕಾಮನಬಿಲ್ಲಿನಂತೆ ಬಾನು ತುಂಬಿದವು’ ಎಂದು ಬರೆದಿದ್ದೀರಿ. ಇದು ಯಾರೋ ಬಿಡಿಸಿದ ಚಿತ್ರವನ್ನು ನೋಡಿ ಬರೆದ ಸಾಲು. ಮೀಮಾಸ್ 22.6 ಗಂಟೆಗೊಮ್ಮೆ ಶನಿಯನ್ನು ಸುತ್ತುತ್ತದೆ, ಸುತ್ತುವಾಗ ಸದಾ ಒಂದೇ ಮುಖವನ್ನು ಅದರತ್ತ ತಿರುಗಿಸಿರುತ್ತದೆ. ಹಾಗಾಗಿ ಅಲ್ಲಿ ಶನಿ ಮೂಡುವುದೂ ಇಲ್ಲ, ಮುಳುಗುವುದೂ ಇಲ್ಲ. ಕಾಣುವ ಕಡೆ ನಿಂತರೆ ಆಕಾಶದ ಒಂದೇ ಜಾಗದಲ್ಲಿ, ನಮ್ಮ ಚಂದ್ರನ ಎಪ್ಪತ್ತು ಪಟ್ಟು ಅಗಲವಾಗಿ, ಹುಣ್ಣಿಮೆ-ಅಮಾವಾಸ್ಯೆಗಳ ನಡುವಿನ ಚಂದ್ರನಂತೆ ಬೆಳಗಿದ ಭಾಗ ಹಿಗ್ಗುತ್ತಾ ಕುಗ್ಗುತ್ತಾ, ಅಲ್ಲೇ ಇರುತ್ತದೆ. ಇನ್ನೊಂದು ಕಡೆ ನಿಂತವರಿಗೆ ಎಂದೆಂದಿಗೂ ಇಲ್ಲ.

ನೀವು ಜಾನಕಿಯ ಮನೆಯನ್ನು ಹರ್ಷೆಲ್ ಕುಳಿಯ ನಡುವೆ ಕಟ್ಟಿದ್ದೀರಿ. 1789ರಲ್ಲಿ ಮೀಮಾಸ್‌ನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಹೆಸರಿನ, ಸುಮಾರು 130 ಕಿಲೋಮೀಟರ್ ಅಗಲದ ಕುಳಿ ಅದು. ನಕ್ಷೆ ತೆಗೆದು ಲೆಕ್ಕ ಹಾಕಿದೆ. ಅದರ ನಡುವಿನ ತಳದಲ್ಲಿ ನಿಂತವರಿಗೆ ಶನಿ ಕಾಣುವುದೇ ಇಲ್ಲ, ದಿಗಂತದ ಸ್ವಲ್ಪವೇ ಕೆಳಗೆ ಅಡಗಿರುತ್ತದೆ. ಶನಿಯ ದಿಕ್ಕಿಗೆ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು, ಐದು ಕಿಲೋಮೀಟರ್ ಎತ್ತರದ ಅಂಚನ್ನು ಹತ್ತಿದರೆ ಸುಮಾರು ಅರ್ಧ ಶನಿ ಎದುರಿಗೆ ನಿಲ್ಲುತ್ತದೆ. ಶನಿಯನ್ನು ಮೂಡಿಸಬೇಕಾದರೆ ಅವಳೇ ನಡೆಯಬೇಕು! ಇಡೀ ಕಥೆ ಈ ನಡಿಗೆಯಲ್ಲೇ ಇದೆ, ನೀವು ಅದನ್ನು ಗಮನಿಸದೆ ಅವಳನ್ನು ಕಿಟಕಿಯ ಬಳಿ ಕೂರಿಸಿಬಿಟ್ಟಿದ್ದೀರಿ.

ಉಂಗುರಗಳ ಮಾತು. ಮೀಮಾಸ್ ಸುತ್ತುವುದು ಹೆಚ್ಚುಕಡಿಮೆ ಉಂಗುರಗಳ ಮಟ್ಟದಲ್ಲೇ, ಅವುಗಳ ಹೊರಗೆ. ಆದ್ದರಿಂದ ಅವು ಅಂಚಿನಿಂದಷ್ಟೇ ಕಾಣುತ್ತವೆ. ಕುಳಿಯ ಅಂಚಿಗೇರಿದ ಜಾನಕಿಗೆ ಕಾಣುವುದು ಕಮಾನಲ್ಲ. ಅರ್ಧ ಶನಿಯ ನಡುವಿನಿಂದ ನೆಟ್ಟಗೆ ಮೇಲೆದ್ದು, ದಿಗಂತದಿಂದ ನೆತ್ತಿಯವರೆಗಿನ ಅರ್ಧ ದಾರಿಯವರೆಗೂ ಚಾಚಿದ ಒಂದು ಬೆಳಕಿನ ನೂಲು. ಉಂಗುರಗಳ ಅಗಲವನ್ನು ಅವಳು ನೋಡಬೇಕಾದದ್ದು ಶನಿಯ ಮೈಮೇಲೆ ಬಿದ್ದ ಅವುಗಳ ನೆರಳಿನ ಪಟ್ಟಿಗಳಲ್ಲಿ. ಇದನ್ನು ಓದುಗರ ಕಣ್ಣಿಗೆ ಕಟ್ಟಿ, ಕಾಮನಬಿಲ್ಲು ತಾನಾಗಿ ಉದುರಿಹೋಗುತ್ತದೆ.

ಗಾಳಿಗೆ ಸೆರಗು ಹಾರಿದ್ದನ್ನು ತೆಗೆದುಬಿಡಿ. ಅಲ್ಲಿ ಗಾಳಿಯಿಲ್ಲ. ಲೋಟ ಕೈಜಾರಿ ‘ಠಣ್ಣನೆ’ ಬಿದ್ದದ್ದನ್ನೂ ಮತ್ತೆ ಬರೆಯಿರಿ: ಮೀಮಾಸ್‌ನ ಗುರುತ್ವ ನಮ್ಮದರ ನೂರೈವತ್ತನೇ ಒಂದು ಭಾಗ, ಸೊಂಟದೆತ್ತರದಿಂದ ಬಿದ್ದ ಲೋಟ ನೆಲ ಮುಟ್ಟಲು ಐದು ಸೆಕೆಂಡಿಗೂ ಹೆಚ್ಚು ಬೇಕು. ಅಜ್ಜಿಯ ಲೋಟ ಅಷ್ಟು ನಿಧಾನವಾಗಿ ಬೀಳುತ್ತಿರುವಾಗ ಕೈಚಾಚಬೇಕೋ ಬೇಡವೋ ಎಂದು ಯೋಚಿಸಲು ಅವಳಿಗೆ ಸಮಯವಿದೆ. ಆ ಐದು ಸೆಕೆಂಡು ನನಗೆ ಒಂದು ಪುಟ ಬೇಕು.

ಅಜ್ಜಿಯ ಮಾತು, ‘ಶನಿ ಹೆಗಲೇರಿದ ಮೇಲೆ ಇಳಿಯುವವನಲ್ಲ ಮಗಳೇ’, ಮೊದಲ ಪುಟದಲ್ಲೇ ಬಂದು ವ್ಯರ್ಥವಾಗಿದೆ. ಅದನ್ನು ಅಲ್ಲಿಂದ ಎತ್ತಿ, ಅವಳು ಕುಳಿಯ ಅಂಚು ತಲುಪಿದ ಗಳಿಗೆಗೆ ಇಡಿ. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.